ಥಾಣೆ ಖಾಡಿಯೂ ನಾರ್ವೆಯ ಫಿಯೋರ್ಡೂ ಒಂದೇನಾ?

ಡೊಂಬಿವಲಿಯ ಓದುಗರೊಬ್ಬರ ಪ್ರಶ್ನೆ: "ನಾರ್ವೆಯ ಫೋಟೊಗಳಲ್ಲಿ ಬೆಟ್ಟಗಳ ನಡುವೆ ಸಮುದ್ರ ಒಳಗೆ ಬಂದಿರುತ್ತದೆ. ನಮ್ಮ ಥಾಣೆ, ವಸಾಯಿ ಖಾಡಿಗಳೂ ಹಾಗೇ ಅಲ್ವಾ? ಸಹ್ಯಾದ್ರಿಯನ್ನೂ ಹಿಮನದಿಗಳೇ ಕೊರೆದವಾ?"

ಇಲ್ಲ, ಹಿಮನದಿ ಕೊರೆದಿಲ್ಲ. ಆದರೆ ಖಾಡಿಗೆ ನೀರು ತುಂಬಿದ್ದರಲ್ಲಿ ಮಂಜುಗಡ್ಡೆಯ ಪಾಲು ದೊಡ್ಡದು.

ಮೊದಲು ನಾರ್ವೆ ನೋಡೋಣ. ಹಿಮನದಿ ಕೊರೆದ ಆಳವಾದ ಕಣಿವೆಗೆ ಕಡಲು ನುಗ್ಗಿದರೆ ಅದನ್ನು ಫಿಯೋರ್ಡ್ ಅನ್ನುತ್ತಾರೆ. ಸುಮಾರು 40 ಕೋಟಿ ವರ್ಷಗಳ ಹಿಂದೆ ಎರಡು ಭೂಖಂಡಗಳು ಡಿಕ್ಕಿ ಹೊಡೆದು ಅಲ್ಲಿ ಬೆಟ್ಟಸಾಲು ಎದ್ದಿತು. ಕಳೆದ 26 ಲಕ್ಷ ವರ್ಷಗಳಲ್ಲಿ ಮತ್ತೆ ಮತ್ತೆ ಹಿಮಯುಗ ಬಂದು, ಹಳೆಯ ನದಿ ಕಣಿವೆಗಳಲ್ಲಿ ಹಿಮನದಿಗಳು ತೆವಳಿದವು. ಹಿಮನದಿಯ ತಳದಲ್ಲಿ ಕಲ್ಲುಗಳು ಸಿಕ್ಕಿಕೊಂಡಿರುತ್ತವೆ, ಮೇಲಿನ ನೂರಾರು ಮೀಟರ್ ಗಡ್ಡೆಯ ಭಾರಕ್ಕೆ ಅವು ತುರಿಮಣೆಯ ಹಲ್ಲಿನ ಹಾಗೆ ಬಂಡೆಯನ್ನು ಹೆರೆಯುತ್ತಾ ಹೋಗುತ್ತವೆ. ತಳವೂ ಹೋಯಿತು, ಪಕ್ಕದ ಗೋಡೆಯೂ ಹೋಯಿತು. ಸೋಗ್ನೆಫಿಯೋರ್ಡ್ 200 ಕಿ.ಮೀ.ಗಿಂತ ಉದ್ದ, ಒಳಗೆ ಸುಮಾರು 1,300 ಮೀಟರ್ ಆಳ. ಕಡಲು ಸೇರುವ ಬಾಯಲ್ಲಿ 200 ಮೀಟರೂ ಇಲ್ಲ! ಅಲ್ಲಿಗೆ ಬರುವಷ್ಟರಲ್ಲಿ ಗಡ್ಡೆ ತೆಳುವಾಗಿ, ಹೆರೆಯುವ ಶಕ್ತಿ ಕಳೆದುಕೊಂಡಿತ್ತು. ಫಿಯೋರ್ಡಿನ ಗುರುತುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು.

ಸಹ್ಯಾದ್ರಿಯಲ್ಲಿ ಇಂಥ ಡಿಕ್ಕಿ ಆಗಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಉಕ್ಕಿ ಹರಡಿತು. ಪುಣೆಗೆ ಹೋಗುವಾಗ ಖಂಡಾಲ ಘಾಟಿನಲ್ಲಿ ಟ್ರೈನ್ ಕಿಟಕಿಯಿಂದ ನೋಡಿ, ದೋಸೆ ಒಂದರ ಮೇಲೊಂದು ಪೇರಿಸಿದ ಹಾಗೆ ಕಪ್ಪು ಕಲ್ಲಿನ ಪದರಗಳು ಕಾಣುತ್ತವೆ. ಆಮೇಲೆ ಸೆಶೆಲ್ಸ್ ದ್ವೀಪಗಳ ನೆಲ ನಮ್ಮಿಂದ ಬೇರ್ಪಟ್ಟು ದೂರ ಸರಿಯಿತು, ಹರಿದುಹೋದ ಆ ಪಶ್ಚಿಮದ ಅಂಚನ್ನು ಮಳೆ, ನದಿಗಳು ಕೊರೆಯುತ್ತಾ ಒಳಕ್ಕೆ ಸರಿಸಿದವು. ಲಾವಾ ಗಟ್ಟಿಯಾದ ಮೇಲೆ ಇಲ್ಲಿ ಹಿಮನದಿ ಹರಿದೇ ಇಲ್ಲ.

ಮತ್ತೆ ಮಂಜುಗಡ್ಡೆಯ ಪಾಲು ಎಲ್ಲಿ ಬಂತು? ಸುಮಾರು 20,000 ವರ್ಷಗಳ ಹಿಂದೆ ಉತ್ತರ ಯುರೋಪು, ಉತ್ತರ ಅಮೆರಿಕದ ಮೇಲೆ ಅಷ್ಟೊಂದು ನೀರು ಗಡ್ಡೆಯಾಗಿ ಕೂತಿತ್ತು, ಹಾಗಾಗಿ ಸಮುದ್ರ ಮಟ್ಟ ಇವತ್ತಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ತೈಲ ತೆಗೆಯುವ ಬಾಂಬೆ ಹೈ ಇದೆಯಲ್ಲ, ದಡದಿಂದ ಸುಮಾರು 160 ಕಿ.ಮೀ. ದೂರ, ಅಲ್ಲಿ ನೀರಿನ ಆಳ ಸುಮಾರು 75 ಮೀಟರ್. ಆಗ ಮುಂಬೈಯಿಂದ ಅಲ್ಲಿಗೆ ನಡೆದೇ ಹೋಗಬಹುದಿತ್ತು! ದೂರದ ಗಡ್ಡೆ ಕರಗಿತು, ಇಲ್ಲಿ ಕಡಲು ಏರಿತು, ಉಲ್ಹಾಸ್ ನದಿಯ ಕೆಳಗಿನ ಕಣಿವೆ ಮುಳುಗಿ ವಸಾಯಿ ಖಾಡಿಯಾಯಿತು.

ಫಿಯೋರ್ಡಿನ ಆಳ ಮಾತ್ರ ನಮ್ಮ ಖಾಡಿಗಳಿಗೆ ಇಲ್ಲ. ಇಳಿತದ ಹೊತ್ತಿಗೆ ಥಾಣೆ ಖಾಡಿಯ ಕೆಸರಿನಲ್ಲಿ ಫ್ಲೆಮಿಂಗೊಗಳು ನಿಂತೇ ಮೇಯುತ್ತವೆ.