ಪೈಪ್ ಸೀಳುವುದು ಮಂಜುಗಡ್ಡೆಯಲ್ಲ, ಸೆರೆಸಿಕ್ಕ ನೀರು

ಅಮೆರಿಕದ ಮಿನಿಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಅಕ್ಟೋಬರ್ ಮಧ್ಯದ ಹೊತ್ತಿಗೆ ರಾತ್ರಿಯ ತಾಪಮಾನ ಸೊನ್ನೆ ಮುಟ್ಟತೊಡಗುತ್ತದೆ. ಮನೆಯಂಗಳದ ಹುಲ್ಲಿಗೆ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಪೈಪುಗಳು ಹುಲ್ಲಿನಡಿ 8ರಿಂದ 12 ಇಂಚು ಆಳದಲ್ಲಷ್ಟೇ ಇರುತ್ತವೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವುದು ಅದಕ್ಕಿಂತ ಬಹಳ ಕೆಳಗಿನವರೆಗೆ. ದಕ್ಷಿಣ ಮಿನಿಸೋಟದಲ್ಲಿ ಮನೆಯ ಅಡಿಪಾಯ 42 ಇಂಚು ಆಳಕ್ಕೆ ಹೋಗಬೇಕೆಂಬ ನಿಯಮ ಇರುವುದೇ ಅದಕ್ಕಾಗಿ. ಹಾಗಾಗಿ ಪೈಪಿನೊಳಗೆ ಉಳಿದ ನೀರು ಗಡ್ಡೆಯಾಗುವುದು ಖಚಿತ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೋಗಿ ಅಲ್ಲಿ ಮನೆ ಕೊಂಡವರಿಗೆ ಸಿಗುವ ವಿವರಣೆ ಒಂದೇ: ‘ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಪೈಪ್ ಸೀಳುತ್ತದೆ.’ ಇದು ಅರ್ಧ ಸತ್ಯ. ಉಳಿದರ್ಧ ಗೊತ್ತಿಲ್ಲದೆಯೇ ಎಷ್ಟೋ ಜನ ತಪ್ಪು ಕಡೆ ಶ್ರಮ ಹಾಕುತ್ತಾರೆ.

ನೀರು ಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹೆಚ್ಚುವುದು ನಿಜ. ಆದರೆ ಪೈಪಿನ ಒಂದು ತುದಿ ತೆರೆದಿದ್ದರೆ ಬೆಳೆಯುವ ಗಡ್ಡೆ ಮುಂದಿನ ನೀರನ್ನು ಆ ತುದಿಯತ್ತ ತಳ್ಳುತ್ತದೆ, ಪೈಪಿಗೆ ಏನೂ ಆಗುವುದಿಲ್ಲ. ಗಡ್ಡೆ ಅಡ್ಡಲಾಗಿ ತುಂಬಿಕೊಂಡು ಬಿರಡೆಯಂತೆ ಕೂತು, ಅದರಾಚೆ ಮುಚ್ಚಿದ ವಾಲ್ವ್ ಇದ್ದಾಗ ಅನಾಹುತ ಶುರು. ಬಿರಡೆಗೂ ವಾಲ್ವ್‌ಗೂ ನಡುವೆ ಇನ್ನೂ ದ್ರವವಾಗಿರುವ ನೀರು ಸೆರೆಯಾಗುತ್ತದೆ, ಬೆಳೆಯುತ್ತಿರುವ ಬಿರಡೆ ಪಿಸ್ಟನ್ ಆಗುತ್ತದೆ. ಸೂಜಿ ತೆಗೆದ ಸಿರಿಂಜಿಗೆ ನೀರು ತುಂಬಿ, ಮೂತಿಯನ್ನು ಬೆರಳಿನಿಂದ ಒತ್ತಿ ಹಿಡಿದು ದಂಡ ತಳ್ಳಿ ನೋಡಿ: ಜರುಗುವುದಿಲ್ಲ. ಅದರೊಳಗೆ ಒಂದು ಗಾಳಿಗುಳ್ಳೆ ಬಿಟ್ಟು ತಳ್ಳಿ: ಮೆತ್ತಗೆ ಒಳಸರಿಯುತ್ತದೆ. ಗ್ಯಾರೇಜಿನ ಜಾಕ್ ಲಾರಿ ಎತ್ತುವುದು ದ್ರವ ಕುಗ್ಗದೆಂಬ ಈ ಹಟದಿಂದಲೇ. ಎಣ್ಣೆಯಲ್ಲಿ ಗಾಳಿ ಸೇರಿದರೆ ಅದೇ ಜಾಕ್ ಮೆತ್ತಗಾಗುತ್ತದೆ. ನೀರನ್ನು ಬರೀ ಶೇ. 1ರಷ್ಟು ಕುಗ್ಗಿಸಲು 200ಕ್ಕೂ ಹೆಚ್ಚು ವಾತಾವರಣಗಳ ಒತ್ತಡ ಬೇಕು. 1 ಇಂಚಿನ ಷೆಡ್ಯೂಲ್ 40 (ಗೋಡೆಯ ದಪ್ಪದ ಒಂದು ದರ್ಜೆ) ಪಿವಿಸಿ ಪೈಪನ್ನು ರೂಪಿಸಿರುವುದು 450 ಪಿಎಸ್‌ಐಗೆ (ಚದರ ಇಂಚಿಗೆ 450 ಪೌಂಡ್ ಒತ್ತಡ), ಅಂದರೆ ಸುಮಾರು 30 ವಾತಾವರಣಕ್ಕೆ. ಪೈಪ್ ಅನೇಕ ಸಲ ಗಡ್ಡೆ ಇಲ್ಲದ ಜಾಗದಲ್ಲೇ ಸೀಳಿರುವುದರ ಗುಟ್ಟು ಇದು.

1784-85ರಲ್ಲಿ ಮೇಜರ್ ಎಡ್ವರ್ಡ್ ವಿಲಿಯಮ್ಸ್ ಎಂಬ ಬ್ರಿಟಿಷ್ ಫಿರಂಗಿದಳದ ಅಧಿಕಾರಿ ಕ್ವಿಬೆಕ್‌ನ ಚಳಿಯಲ್ಲಿ ಟೊಳ್ಳು ಕಬ್ಬಿಣದ ಬಾಂಬುಗಳಿಗೆ ನೀರು ತುಂಬಿ, ಬಾಯಿಗೆ ಕಬ್ಬಿಣದ ಬೆಣೆ ಹೊಡೆದು ಹೊರಗಿಟ್ಟರು. ಕೆಲವದರ ಬೆಣೆ ನೂರು ಮೀಟರಿಗೂ ಆಚೆ ಚಿಮ್ಮಿತು, ಬಾಯಿಂದ ಮಂಜುಗಡ್ಡೆಯ ಕೋಲು ಹೊರಬಂತು. ಬೆಣೆ ಗಟ್ಟಿಯಾಗಿ ಕೂತಿದ್ದಲ್ಲಿ ಬಾಂಬೇ ಬಿರುಕುಬಿಟ್ಟಿತು. ದಾರಿ ಸಿಕ್ಕ ಕಡೆ ಕಬ್ಬಿಣ ಉಳಿಯಿತು ಎಂಬುದನ್ನು ಗಮನಿಸಿ. ಸ್ಪ್ರಿಂಕ್ಲರಿಗೂ ಬೇಕಾದ್ದು ಆ ದಾರಿಯೇ. ಪೈಪನ್ನು ಒರೆಸಿದಂತೆ ಒಣಗಿಸಬೇಕಿಲ್ಲ. ತಗ್ಗಿನಲ್ಲಿ ಒಂದಿಷ್ಟು ನೀರು ನಿಂತರೂ ಅದರ ಮೇಲೆ ಗಾಳಿಗೆ ಜಾಗವಿದ್ದರೆ ಸಾಕು.

ಅದಕ್ಕಾಗಿ ಚಳಿಗೆ ಮುನ್ನ ಕಂಪ್ರೆಸರಿನ ಗಾಳಿ ಊದಿ ಪೈಪಿನ ನೀರನ್ನು ಹೊರದಬ್ಬುತ್ತಾರೆ. ಕೆಲಸ ಶುರುವಾಗುವುದು ಬೇಸ್‌ಮೆಂಟಿನಲ್ಲಿ. ಸ್ಪ್ರಿಂಕ್ಲರಿಗೆ ಹೋಗುವ ವಾಲ್ವ್ ಮುಚ್ಚಿ, ಪಕ್ಕದ ಪುಟ್ಟ ಡ್ರೇನ್ ಮುಚ್ಚಳ ಬಿಚ್ಚಿ ಬಕೆಟ್ ಹಿಡಿಯಿರಿ; ನೀರು ಇಳಿದ ಮೇಲೆ ಮುಚ್ಚಳ ಮತ್ತೆ ಹಾಕಿ. ಹೊರಗೆ ಗೋಡೆಯ ಬಳಿ ಹಿತ್ತಾಳೆಯ ಬ್ಯಾಕ್‌ಫ್ಲೋ ಪ್ರಿವೆಂಟರ್ ಇರುತ್ತದೆ; ಸ್ಪ್ರಿಂಕ್ಲರಿನ ನೀರು ಕುಡಿಯುವ ನೀರಿಗೆ ಹಿಂದಿರುಗದಂತೆ ತಡೆಯುವ ಸಾಧನ ಅದು. ಅದರ ಎರಡೂ ವಾಲ್ವ್ ಮುಚ್ಚಿ, ಅದನ್ನು ದಾಟಿದ ಮೇಲೆ ಸಿಗುವ ಬ್ಲೋ-ಔಟ್ ಮೂತಿಗೆ ಕಂಪ್ರೆಸರ್ ಹೋಸ್ ಜೋಡಿಸಿ. ಪ್ರಿವೆಂಟರ್ ಮೂಲಕ ಗಾಳಿ ಹಾಯಿಸಬಾರದು. ಅದರೊಳಗಿನ ಪ್ಲಾಸ್ಟಿಕ್ ಬಿಡಿಭಾಗಗಳು ಹಾಳಾಗುತ್ತವೆ. ಕಂಟ್ರೋಲರಿನಲ್ಲಿ ಅತಿ ದೂರದ ಅಥವಾ ಅತಿ ಎತ್ತರದ ಜೋನ್ (ಒಂದೇ ವಾಲ್ವಿನಿಂದ ನೀರು ಪಡೆಯುವ ಭಾಗ) ತೆರೆದ ನಂತರವೇ ನಿಧಾನವಾಗಿ ಗಾಳಿ ಬಿಡಿ. ಪಿವಿಸಿ ಪೈಪಿಗೆ 80 ಪಿಎಸ್‌ಐ, ಕರಿ ಪಾಲಿಎಥಿಲೀನ್ ಪೈಪಿಗೆ 50 ಪಿಎಸ್‌ಐ ಗರಿಷ್ಠ ಮಿತಿ. ನೀರು ತೆಳು ತುಂತುರಾದ ಕೂಡಲೇ ನಿಲ್ಲಿಸಿ. ಒಂದು ಜೋನಿಗೆ ಒಂದು ಸಲಕ್ಕೆ 2 ನಿಮಿಷ ದಾಟಬಾರದು, ಏಕೆಂದರೆ ನೀರು ಚಿಮ್ಮಿಸುತ್ತ ತಿರುಗುವ ಹೆಡ್‌ಗಳ ಗೇರುಗಳಿಗೆ ನೀರೇ ಎಣ್ಣೆ. ಒಣಗಾಳಿಯಲ್ಲಿ ಅವು ಬಿಸಿಯಾಗಿ ಕರಗುತ್ತವೆ. ಎಲ್ಲ ಜೋನ್ ಮುಗಿದ ಮೇಲೆ ಇನ್ನೊಂದು ಸುತ್ತು ಹೋಗಿ, ಬೇಕಾದರೆ ಮೂರನೆಯದೂ.

‘ನೀರು ಹೋಗುತ್ತಿಲ್ಲ, ಒತ್ತಡ ಏರಿಸು’ ಎಂಬ ಸಲಹೆಯನ್ನು ದಯವಿಟ್ಟು ಕೇಳಬೇಡಿ. ನೀರನ್ನು ಎಳೆದೊಯ್ಯುವುದು ಗಾಳಿಯ ಒತ್ತಡವಲ್ಲ, ಹರಿವಿನ ಪ್ರಮಾಣ. ಹರಿವು ಕಡಿಮೆಯಿದ್ದರೆ ಗಾಳಿ ನೀರಿನ ಮೇಲೆಯೇ ಜಾರಿ ಹೋಗುತ್ತದೆ, ಕೆರೆಯ ಮೇಲೆ ತಂಗಾಳಿ ಬೀಸಿದ ಹಾಗೆ. ಮನೆಯ ಜೋನಿಗೆ ನಿಮಿಷಕ್ಕೆ 10 ಘನ ಅಡಿಯಾದರೂ ಬೇಕು. ಮೊಳೆ ಹೊಡೆಯುವ ಗನ್ನಿಗೆ ಬಳಸುವ ಪುಟ್ಟ ಕಂಪ್ರೆಸರ್ 2-3 ಘನ ಅಡಿ ಕೊಟ್ಟರೆ ಹೆಚ್ಚು. ಅದರ ಟ್ಯಾಂಕ್ ತುಂಬಿಸಿ, ಬಿಟ್ಟು, ಮತ್ತೆ ತುಂಬಿಸಿ ಸಣ್ಣ ಜೋನ್‌ಗಳನ್ನು ನಿಭಾಯಿಸಬಹುದು. ದೊಡ್ಡ ಅಂಗಳವಾದರೆ ಬಾಡಿಗೆಗೆ ದೊಡ್ಡದನ್ನು ತನ್ನಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ, ಹೆಡ್‌ಗಳ ಮೇಲೆ ಬಾಗಬೇಡಿ. ಒತ್ತಡದ ನೀರಿರುವ ಪೈಪ್ ಬಿರಿದರೆ ಒಮ್ಮೆ ಚಿಮ್ಮಿ ಸುಮ್ಮನಾಗುತ್ತದೆ. ಅದೇ ಒತ್ತಡದ ಗಾಳಿ ಸುತ್ತಿಟ್ಟ ಸ್ಪ್ರಿಂಗ್, ಚೂರುಗಳನ್ನು ಎಸೆಯುತ್ತದೆ.

ಇಷ್ಟೆಲ್ಲ ಮಾಡಿಯೂ ವಸಂತದಲ್ಲಿ ಪ್ರಿವೆಂಟರ್ ಸೀಳಿರುವುದುಂಟು, ಕಾರಣ ನಾವು ಮುಚ್ಚಿದ ಆ ಬಾಲ್ ವಾಲ್ವ್. ಅದರೊಳಗೆ ತೂತಿರುವ ಒಂದು ಗುಂಡು ಇರುತ್ತದೆ. ಪೂರ್ತಿ ಮುಚ್ಚಿದಾಗ ಆ ತೂತಿನಲ್ಲಿ ನೀರು ಸಿಕ್ಕಿಬೀಳುತ್ತದೆ. ಪೂರ್ತಿ ತೆರೆದಾಗ ಗುಂಡಿಗೂ ಕವಚಕ್ಕೂ ನಡುವಿನ ಸಂದಿನಲ್ಲಿ. ಬರೀ ಒಂದು ಚಮಚ, ಆದರೆ ನಾಲ್ಕೂ ಕಡೆ ಬಾಗಿಲು ಹಾಕಿದ ಕೋಣೆಯಲ್ಲಿ. ವಿಲಿಯಮ್ಸ್ ಅವರ ಬಾಂಬಿನ ಮರಿ ಎನ್ನಬಹುದು. ಗಾಳಿ ಊದಿ ಮುಗಿದ ಮೇಲೆ ಹಿಡಿಯನ್ನು 45 ಡಿಗ್ರಿಗೆ ತಿರುಗಿಸಿ ಬಿಟ್ಟರೆ ತೂತು, ಸಂದು, ಪೈಪ್ ಎಲ್ಲ ಒಂದಕ್ಕೊಂದು ತೆರೆದುಕೊಂಡು ನೀರು ಇಳಿದುಹೋಗುತ್ತದೆ. ಪಕ್ಕದ ಎರಡು ಪುಟ್ಟ ಟೆಸ್ಟ್ ಕಾಕ್‌ಗಳನ್ನೂ (ಪರೀಕ್ಷೆಗೆಂದು ಇರುವ ನಲ್ಲಿಗಳು) ಚಳಿಗಾಲವಿಡೀ ಹೀಗೇ ಓರೆಯಾಗಿ ಬಿಡಬೇಕು.

ಪ್ರಿವೆಂಟರ್‌ಗೆ ದಪ್ಪ ಹೊದಿಕೆ ಸುತ್ತಿದರೆ ಸಾಕೆಂದು ನಂಬಿದವರೂ ಬಹಳ. ಕಂಬಳಿ ಹೊದ್ದವರು ಬೆಚ್ಚಗಿರುವುದು ಅವರ ಮೈಶಾಖದಿಂದ; ಹಿತ್ತಾಳೆಗೆ ಮೈಶಾಖವಿಲ್ಲ. ಗಾಳಿ ಊದಿಸುವ ಮುನ್ನ ಬರುವ ಒಂದೆರಡು ರಾತ್ರಿಯ ಮೈನಸ್ 2 ಡಿಗ್ರಿಯನ್ನು ಹೊದಿಕೆ ತಡೆದೀತು, ಜನವರಿಯ ಮೈನಸ್ 20 ಅನ್ನು ತಡೆಯದು.

ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ನೀರು ಮರಳಿ ಬಿಡುವಾಗ ಟೆಸ್ಟ್ ಕಾಕ್‌ಗಳನ್ನು ಮುಚ್ಚಿ, ಮುಖ್ಯ ವಾಲ್ವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಖಾಲಿ ಪೈಪಿನೊಳಗೆ ನೀರು ಒಮ್ಮೆಲೇ ನುಗ್ಗಿದರೆ ತುದಿಯ ಮುಚ್ಚಿದ ವಾಲ್ವಿಗೆ ಸುತ್ತಿಗೆಯಂತೆ ಬಡಿದು, ಚಳಿಗಾಲ ದಾಟಿ ಬಂದ ಕೀಲುಗಳನ್ನೂ ಬಿಡಿಸಿಬಿಡುತ್ತದೆ.