ಟ್ರ್ಯಾಕ್ಟರ್‌ಗೆ ಕಬ್ಬಿಣದ ಕೊರಡು ಮಾಡಿಸಿದರೆ ಜಾಲಿ ಕಿತ್ತ ಹೊಲ ಸಮ ಆಗುತ್ತಾ?

ಪ್ರಶ್ನೆ: ಹಿರಿಯೂರು ಕಡೆ ನಮ್ಮದು ಎರಡು ಎಕರೆ ಕೆಂಪು ಮಣ್ಣಿನ ಹೊಲ. ವರ್ಷಗಟ್ಟಲೆ ಪಾಳು ಬಿದ್ದು ಬಳ್ಳಾರಿ ಜಾಲಿ ತುಂಬಿಕೊಂಡಿತ್ತು. ಈ ಬೇಸಿಗೆಯಲ್ಲಿ ಜೆಸಿಬಿ ತರಿಸಿ ಕೀಳಿಸಿದೆವು. ಈಗ ಎಲ್ಲಿ ನೋಡಿದರೂ ಗುಂಡಿ, ದಿಬ್ಬ. ಮನೆಯಲ್ಲಿ 40 ಎಚ್‌ಪಿ ಟ್ರ್ಯಾಕ್ಟರ್ ಇದೆ. ವೆಲ್ಡಿಂಗ್ ಶಾಪಿನಲ್ಲಿ ಒಂದು ಕೊರಡು (ನೆಲ ಸಮ ಮಾಡಲು ಹೊಲದ ಮೇಲೆ ಎಳೆಯುವ ಭಾರದ ಸಾಧನ) ಮಾಡಿಸಿ ಎಳೆದರೆ ಸಮ ಆಗುತ್ತಾ? ಎಷ್ಟು ತೂಕ ಇರಬೇಕು? ಹಳೇ ಲಾರಿ ಟೈರ್ ಕಟ್ಟಿ ಎಳೆದರೆ ಸಾಲದಾ?

ಉತ್ತರ: ಆಗುತ್ತದೆ, ಆದರೆ ಎಲ್ಲ ಉಬ್ಬುತಗ್ಗೂ ಹೋಗುವುದಿಲ್ಲ. ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಅನ್ನೋದು ಕೊರಡಿನ ಉದ್ದದ ಮೇಲೆ ನಿಂತಿದೆ. ಎಲ್ಲರೂ ಮೊದಲು ತೂಕವನ್ನೇ ಕೇಳುತ್ತಾರೆ. ನಾನು ಉದ್ದ ಕೇಳುತ್ತೇನೆ.

ಎತ್ತಿನ ಕಾಲದ ಮರದ ಕೊರಡನ್ನು ನೆನಪಿಸಿಕೊಳ್ಳಿ. ಅದು ಒಂದೇ ಅಡ್ಡ ತುಂಡು. ಉತ್ತ ಹೊಲದಲ್ಲಿ ಹೆಂಟೆ ಒಡೆಯುತ್ತಿತ್ತು, ಸಾಲು ಮುಚ್ಚುತ್ತಿತ್ತು. ಆದರೆ ದಿಬ್ಬ ಬಂದರೆ ಹತ್ತುತ್ತಿತ್ತು, ಗುಂಡಿ ಬಂದರೆ ಇಳಿಯುತ್ತಿತ್ತು. ಜೆಸಿಬಿ ಓಡಾಡಿದ ಹೊಲಕ್ಕೆ ಅಂಥದ್ದು ಪ್ರಯೋಜನ ಇಲ್ಲ. ನಿಮಗೆ ಬೇಕಾದ್ದು ಏಣಿಯ ಹಾಗೆ ಎರಡು ಉದ್ದ ಪಟ್ಟಿ, ನಡುವೆ ಮೂರು ಅಡ್ಡ ಪಟ್ಟಿ ಇರುವ ಚೌಕಟ್ಟು. ಉದ್ದ ಪಟ್ಟಿಗಳ ಒಂದು ತುದಿ ಉಬ್ಬಿನ ಮೇಲೆ, ಇನ್ನೊಂದು ತುದಿ ಅದರಾಚೆಯ ನೆಲದ ಮೇಲೆ ಕೂರುತ್ತದೆ. ಅಡ್ಡ ಪಟ್ಟಿ ಉಬ್ಬಿನ ತಲೆ ಕೆರೆದು ಮಣ್ಣನ್ನು ಮುಂದೆ ತಳ್ಳುತ್ತದೆ. ತಗ್ಗು ಬಂದ ಕೂಡಲೇ ಆ ಮಣ್ಣು ಅದರೊಳಗೆ ಬೀಳುತ್ತದೆ. ಹೀಗಾಗಿ ಎಂಟು ಅಡಿ ಉದ್ದದ ಕೊರಡು ನಾಲ್ಕೈದು ಅಡಿ ಅಗಲದ ಉಬ್ಬುತಗ್ಗನ್ನು ಚೆನ್ನಾಗಿ ಸರಿ ಮಾಡುತ್ತದೆ. ಇಪ್ಪತ್ತು ಅಡಿ ಅಗಲದ ತಗ್ಗು ಇದ್ದರೆ ಸುಮ್ನೆ ಅದರೊಳಗೆ ಇಳಿದು ಹತ್ತುತ್ತದೆ, ಅಷ್ಟೇ.

ಅಂಥ ದೊಡ್ಡ ತಗ್ಗಿನ ಲೆಕ್ಕ ಒಮ್ಮೆ ಹಾಕಿ ನೋಡಿ. ಒಂದು ಎಕರೆ ಅಂದರೆ 43,560 ಚದರ ಅಡಿ. ಅಷ್ಟೂ ಜಾಗಕ್ಕೆ ಬರೀ ಒಂದು ಇಂಚು ಮಣ್ಣು ಹರಡಬೇಕು ಅಂದರೆ 3,630 ಘನ ಅಡಿ ಬೇಕು. ಟ್ರಾಲಿಗೆ 100 ಘನ ಅಡಿ ಅಂತ ಹಿಡಿದರೂ 36 ಲೋಡು. ಇಷ್ಟು ಮಣ್ಣನ್ನು ಹೊಲದ ಒಂದು ತಲೆಯಿಂದ ಇನ್ನೊಂದು ತಲೆಗೆ ಎಳೆಯುವುದು ಕೊರಡಿನ ಕೆಲಸ ಅಲ್ಲ. ಅದಕ್ಕೆ ಜೆಸಿಬಿ ಇಲ್ಲವೇ ಟ್ರ್ಯಾಕ್ಟರಿನ ಲೆವೆಲರ್ ಬ್ಲೇಡೇ ಬೇಕು. ಜೆಸಿಬಿ ಇನ್ನೂ ನಿಮ್ಮ ಹೊಲದಲ್ಲೇ ಇದ್ದರೆ ದೊಡ್ಡ ಗುಂಡಿಗಳನ್ನು ಈಗಲೇ ಮುಚ್ಚಿಸಿಬಿಡಿ. ಬೊಡ್ಡೆ ಕಿತ್ತ ಗುಂಡಿಗೆ ಸುತ್ತಲಿನ ನೆಲಕ್ಕಿಂತ ನಾಲ್ಕೈದು ಇಂಚು ಎತ್ತರವಾಗಿಯೇ ಮಣ್ಣು ತುಂಬಿಸಿ. ಸಡಿಲ ಮಣ್ಣು ಮೊದಲ ದೊಡ್ಡ ಮಳೆಗೆ ಕುಸಿದೇ ಕುಸಿಯುತ್ತದೆ.

ಈಗ ಮಾಡಿಸೋದಕ್ಕೆ ಬರೋಣ. ಉದ್ದ ಎಂಟು ಅಡಿ, ಅಗಲ ಆರು ಅಡಿ ಇರಲಿ. ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಗಳ ಹೊರ ಅಂಚಿನಿಂದ ಅಂಚಿಗೆ ಅಳೆಯಿರಿ. ಕೊರಡು ಅದಕ್ಕಿಂತ ಸ್ವಲ್ಪ ಅಗಲ ಇದ್ದರೆ ಚಕ್ರದ ಗುರುತು ತಾನೇ ಅಳಿಸಿಹೋಗುತ್ತದೆ. 150 ಮಿಮೀ ಚಾನೆಲ್ (ಒಂದು ಕಡೆ ಬಾಯಿ ತೆರೆದ, ‘[’ ಆಕಾರದ ಕಬ್ಬಿಣದ ಪಟ್ಟಿ) ಮೀಟರಿಗೆ ಸುಮಾರು 16-17 ಕೆಜಿ ತೂಗುತ್ತದೆ. ಎಂಟು ಅಡಿಯ ಎರಡು, ಆರು ಅಡಿಯ ಮೂರು ಸೇರಿ ಒಟ್ಟು 34 ಅಡಿ. ಅಂದರೆ ಸುಮಾರು 170 ಕೆಜಿ. ನಿಮ್ಮ ಟ್ರ್ಯಾಕ್ಟರಿಗೆ ಇದು ಸರಿಯಾದ ತೂಕ. ಕಬ್ಬಿಣ ಕೆಜಿ ಲೆಕ್ಕದಲ್ಲೇ ಸಿಗುವುದರಿಂದ ಆ ದಿನದ ದರಕ್ಕೆ ಗುಣಿಸಿ, ವೆಲ್ಡಿಂಗ್ ಕೂಲಿ ಸೇರಿಸಿಕೊಂಡರೆ ಖರ್ಚು ಗೊತ್ತಾಗುತ್ತದೆ. ದುಡ್ಡು ಉಳಿಸಬೇಕು ಅಂದರೆ ಹಗುರವಾದ 100 ಮಿಮೀ ಚಾನೆಲ್ ಹಾಕಿಸಿ, ಮೇಲೆ ಮರಳಿನ ಚೀಲ ಕಟ್ಟಬಹುದು. ಉದ್ದ ಮಾತ್ರ ಕಡಿಮೆ ಮಾಡಬೇಡಿ.

ಎಲ್ಲ ಪಟ್ಟಿಗಳ ತಳವೂ ಒಂದೇ ಮಟ್ಟದಲ್ಲಿರಲಿ. ಉದ್ದ ಪಟ್ಟಿಗಳ ಎರಡೂ ತುದಿಯನ್ನು ಕೆಳಗಿನಿಂದ ಓರೆಯಾಗಿ ಕತ್ತರಿಸಿ. ಇಲ್ಲದಿದ್ದರೆ ಮೂತಿ ಮಣ್ಣಿಗೆ ಚುಚ್ಚಿಕೊಳ್ಳುತ್ತದೆ. ಚಾನೆಲ್ಲನ್ನು ಯಾವ ಕಡೆ ತಿರುಗಿಸಿ ಕೂರಿಸಬೇಕು ಅನ್ನೋದರಲ್ಲಿ ವೆಲ್ಡರ್‌ಗಳೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಾಯಿ ಮುಂದಕ್ಕಿದ್ದರೆ ಕೆಳಗಿನ ತುಟಿ ಮಣ್ಣನ್ನು ಕೆರೆಯುತ್ತದೆ, ಬೆನ್ನು ಮುಂದಕ್ಕಿದ್ದರೆ ಸವರುತ್ತದೆ. ನಿಮ್ಮ ಹೊಲದಲ್ಲಿ ಜಾಲಿ ಬೇರು ಇನ್ನೂ ಇರುತ್ತದೆ. ಚಾನೆಲ್ಲಿನ ಬಾಯಿಗೆ ಅದು ತುರುಕಿಕೊಂಡರೆ ಹೆಜ್ಜೆ ಹೆಜ್ಜೆಗೂ ಇಳಿದು ಕೀಳಬೇಕಾಗುತ್ತದೆ. ಹಾಗಾಗಿ ಮೂರಕ್ಕೂ ಬೆನ್ನೇ ಮುಂದಿರಲಿ. ಕೆರೆಯುವ ಕೆಲಸಕ್ಕೆ ಮೊದಲ ಅಡ್ಡ ಪಟ್ಟಿಗೆ ಜೆಸಿಬಿ ಬಕೆಟ್ಟಿನ ಹಳೇ ಕಟಿಂಗ್ ಬ್ಲೇಡ್ ಬೋಲ್ಟ್ ಮಾಡಿಸಿ. ಅದರಲ್ಲಿ ತೂತು ಮೊದಲೇ ಇರುತ್ತದೆ, ಸವೆದರೆ ಬಿಚ್ಚಬಹುದು. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ವೆಲ್ಡ್ ಮಾಡಿಕೊಡ್ತೀನಿ ಅಂದರೆ ಬೇಡ ಅನ್ನಿ. ಅದು ಗಡಸು ಉಕ್ಕು. ಬಿಸಿ ಮಾಡಿಕೊಳ್ಳದೆ ಸಾದಾ ರಾಡಿನಲ್ಲಿ ವೆಲ್ಡ್ ಮಾಡಿದರೆ ವೆಲ್ಡಿನ ಪಕ್ಕದಲ್ಲೇ ಬಿರುಕು ಬಿಡುತ್ತದೆ.

ಎರಡೂ ತುದಿಗೆ ಸರಪಳಿ ಕೊಂಡಿ ಹಾಕಿಸಿ. ಇದಕ್ಕೆ ತಗಲುವ ಖರ್ಚು ಹೆಚ್ಚೇನೂ ಇಲ್ಲ, ಲಾಭ ಮಾತ್ರ ಜಾಸ್ತಿ. ಬ್ಲೇಡ್ ಇರುವ ತುದಿಯಿಂದ ಎಳೆದರೆ ಕೆರೆಯುತ್ತದೆ, ತಿರುಗಿಸಿ ಕಟ್ಟಿ ಎಳೆದರೆ ಬ್ಲೇಡ್ ಹಿಂದಾಗಿ ಕೆರೆತ ಕಡಿಮೆಯಾಗುತ್ತದೆ. ಆಗ ಚಾನೆಲ್ಲಿನ ಬಾಯಿ ಮುಂದಾಗುವುದರಿಂದ ಬೇರು ಪೂರ್ತಿ ಆಯ್ದ ಮೇಲೆ ಮಾತ್ರ ಹೀಗೆ ಎಳೆಯಿರಿ.

ಗುಜರಿ ಅಂಗಡಿಯಲ್ಲಿ ಯಾರಾದರೂ ರೈಲು ಕಂಬಿ ತೋರಿಸಬಹುದು. ಕೆಲಸಕ್ಕೆ ಅದು ಚಿನ್ನದಂಥ ವಸ್ತು, ಒಪ್ಪುತ್ತೇನೆ. ಮೀಟರಿಗೆ 52 ಕೆಜಿ ಇರುವ ಕಂಬಿಯ ಆರು ಅಡಿ ತುಂಡೇ 95 ಕೆಜಿ ತೂಗುತ್ತದೆ. ಆದರೆ ಹರಾಜಿನಲ್ಲಿ ಕೊಂಡ ಕಾಗದ ಇಲ್ಲದಿದ್ದರೆ ಮುಟ್ಟಬೇಡಿ. ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ಮೇಲೆ 1966ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ಹೊಲ ಸಮ ಮಾಡೋಕೆ ಹೋಗಿ ಕೋರ್ಟು ಅಲೆಯೋದು ಬೇಕಾ?

ಎಳೆಯುವ ಮೊದಲು ಬೇರು ಆಯಿಸಿ. ಬಳ್ಳಾರಿ ಜಾಲಿಯ ಬೊಡ್ಡೆ ನೆಲದೊಳಗೆ ಉಳಿದಿದ್ದರೆ ಮಳೆ ಬಿದ್ದ ಕೂಡಲೇ ಮತ್ತೆ ಚಿಗುರುತ್ತದೆ. ಅದರ ಮೇಲೆ ಮಣ್ಣು ಎಳೆದು ಮುಚ್ಚಿದರೆ ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಮುಳ್ಳಿನ ಕೊಂಬೆ ಉಳಿದಿದ್ದರೆ ಟೈರಿನ ಪಂಚರ್ ಖರ್ಚು ಬೇರೆ. ಆಮೇಲೆ ಕಲ್ಟಿವೇಟರ್ ಹಾಕಿ ಉದ್ದಕ್ಕೂ ಅಡ್ಡಕ್ಕೂ ಹೊಡೆಯಿರಿ. ಗಟ್ಟಿ ನೆಲದ ಮೇಲೆ ಎಷ್ಟು ತೂಕ ಹೇರಿದರೂ ಕೊರಡು ಜಾರುತ್ತದೆಯೇ ಹೊರತು ಕೆರೆಯುವುದಿಲ್ಲ. ನಾಲ್ಕು ಇಂಚಾದರೂ ಮಣ್ಣು ಸಡಿಲ ಆಗಿರಬೇಕು.

ಹದ ಮುಖ್ಯ. ಭರಣಿ, ಕೃತ್ತಿಕೆ ಮಳೆ ಒಂದು ಬಿದ್ದು ಒಂದೆರಡು ದಿನ ಬಿಸಿಲು ಕಾದ ಮೇಲೆ ಕೆಂಪು ಮಣ್ಣು ಚೆನ್ನಾಗಿ ಮಾತು ಕೇಳುತ್ತದೆ. ಒಂದು ಹಿಡಿ ಮಣ್ಣು ಹಿಸುಕಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಬಿಡಿ. ಒಡೆದು ಚೂರಾದರೆ ಎಳೆಯಬಹುದು. ಹಾಗೇ ಕೂತರೆ ಇನ್ನೂ ಹಸಿ. ಉಂಡೆಯೇ ಆಗದಿದ್ದರೆ ಒಣಗಿದೆ, ಹೆಂಟೆ ಉರುಳುತ್ತದೆ ಅಷ್ಟೇ. ಎರೆ (ಕಪ್ಪು ಮಣ್ಣಿನ) ಹೊಲದವರು ಇನ್ನೂ ಎಚ್ಚರವಾಗಿರಬೇಕು. ಹಸಿ ಎರೆಯ ಮೇಲೆ ಕೊರಡು ಎಳೆದರೆ ಮೇಲ್ಪದರ ಮೆತ್ತಿಕೊಂಡು, ಒಣಗಿದ ಮೇಲೆ ಹಪ್ಪಳಗಟ್ಟುತ್ತದೆ.

ಮೊದಲ ಸುತ್ತು ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆಯಿರಿ, ಎರಡನೆಯದು ಅದಕ್ಕೆ ಅಡ್ಡಲಾಗಿ. ಕೊನೆಯ ಸುತ್ತು ಇಳಿಜಾರಿಗೆ ಅಡ್ಡವಾಗಿರಲಿ, ಆಗ ನೀರು ಸರ್ರನೆ ಇಳಿದು ಹೋಗುವುದಿಲ್ಲ. ಮೊದಲ ಇಲ್ಲವೇ ಎರಡನೇ ಗೇರು, ನಡೆದು ಹೋಗುವ ವೇಗ ಸಾಕು. ಜೋರಾಗಿ ಹೋದರೆ ಕೊರಡು ಕುಣಿದು ಹೊಲ ಪೂರ್ತಿ ಅಲೆ ಅಲೆಯಾಗುತ್ತದೆ. ಸರಿಯಾಗಿ ಕೆರೆಯುತ್ತಿಲ್ಲ ಅನ್ನಿಸಿದರೆ ಸರಪಳಿ ಉದ್ದ ಮಾಡಿ. ಗಿಡ್ಡ ಸರಪಳಿ ಕೊರಡಿನ ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಮರಳಿನ ಚೀಲ ಮುಂದಿಟ್ಟರೆ ಜಾಸ್ತಿ ಕೆರೆಯುತ್ತದೆ, ಹಿಂದಿಟ್ಟರೆ ಕಡಿಮೆ. ಹೊಲ ಕೆರೆಯ ನೀರಿನಂತೆ ಮಟ್ಟಸ ಆಗಬೇಕಿಲ್ಲ. ಮಳೆಯಾಶ್ರಿತ ಹೊಲದಲ್ಲಿ 100 ಅಡಿಗೆ ಮೂರರಿಂದ ಆರು ಇಂಚು ಇಳಿಜಾರು ಇದ್ದರೆ ಒಳ್ಳೆಯದೇ. ಗಾರೆ ಕೆಲಸದವರ ಹತ್ತಿರ ಇರುವ ನೀರಿನ ಟ್ಯೂಬ್ ಲೆವೆಲ್ ಇಟ್ಟುಕೊಂಡು ಇದನ್ನು ನೀವೇ ನೋಡಬಹುದು. ಮೇಲ್ಮಣ್ಣು ತೆಳುವಾಗಿರುವ ಕಡೆ ಕೆರೆದು ಕೆರೆದು ಗರಸು ಮೇಲೆ ತರಬೇಡಿ.

ಒಂದು ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಸರಪಳಿಯನ್ನು ಟ್ರ್ಯಾಕ್ಟರಿನ ಹಿಂದೆ ಕೆಳಗಿರುವ ಎಳೆಯುವ ಪಟ್ಟಿಗೆ, ಅಂದರೆ ಡ್ರಾಬಾರ್‌ಗೇ ಕಟ್ಟಿ. ಟಾಪ್ ಲಿಂಕ್ (ಉಪಕರಣ ಕಟ್ಟುವ ಮೇಲಿನ ಕೊಂಡಿ) ಜಾಗಕ್ಕೆ, ಆಕ್ಸಲ್‌ಗೆ ಕಟ್ಟಲೇಬೇಡಿ. ಮಣ್ಣಿನಲ್ಲಿ ಅಡಗಿದ ಬೊಡ್ಡೆಗೆ ಕೊರಡು ಸಿಕ್ಕಿಹಾಕಿಕೊಂಡರೆ, ಮೇಲೆ ಕಟ್ಟಿದ ಟ್ರ್ಯಾಕ್ಟರ್ ಮುಂದಿನ ಚಕ್ರ ಎತ್ತಿ ಹಿಂದಕ್ಕೆ ಮಗುಚುತ್ತದೆ. ಕ್ಲಚ್ ಒತ್ತುವಷ್ಟೂ ಸಮಯ ಸಿಗುವುದಿಲ್ಲ. ನೈಲಾನ್ ಹಗ್ಗವೂ ಬೇಡ, ತುಂಡಾದರೆ ಚಾಟಿಯಂತೆ ಡ್ರೈವರ್ ಮೇಲೇ ಬರುತ್ತದೆ. ಎತ್ತಿನ ಕೊರಡಿನ ಮೇಲೆ ಭಾರಕ್ಕೆಂದು ಹುಡುಗರನ್ನು ನಿಲ್ಲಿಸುತ್ತಿದ್ದ ಅಭ್ಯಾಸ ಟ್ರ್ಯಾಕ್ಟರಿಗೆ ತರಬೇಡಿ. ಭಾರ ಬೇಕಿದ್ದರೆ ಮರಳಿನ ಚೀಲ ಇದೆಯಲ್ಲ. ತಿರುವಿನಲ್ಲಿ ಅಗಲವಾಗಿ ತಿರುಗಿಸಿ, ಬಿಗಿಯಾಗಿ ತಿರುಗಿಸಿದರೆ ಕೊರಡಿನ ಮೂಲೆ ಹಿಂದಿನ ಟೈರಿಗೆ ತಗಲುತ್ತದೆ. ಸರಪಳಿ ಕಟ್ಟಿಕೊಂಡು ರಿವರ್ಸ್ ಹೋಗುವಂತೆಯೇ ಇಲ್ಲ.

ಇನ್ನು ಟೈರು. ಮುಂದೆ ಮೂರು, ಹಿಂದೆ ಎರಡು ಲಾರಿ ಟೈರ್ ಸರಪಳಿಯಲ್ಲಿ ಕಟ್ಟಿ ಎಳೆಯುವುದನ್ನು ನೀವೂ ನೋಡಿರುತ್ತೀರಿ. ಅದು ಬಗ್ಗುವ ವಸ್ತು, ನೆಲ ಹೇಗಿದೆಯೋ ಹಾಗೇ ಹೊಂದಿಕೊಂಡು ಹೋಗುತ್ತದೆ. ದಿಬ್ಬ ಕೆರೆಯುವುದಿಲ್ಲ. ಆದರೆ ಕೊರಡಿನ ಕೆಲಸ ಮುಗಿದ ಮೇಲೆ, ಬಿತ್ತನೆಗೆ ಮುಂಚೆ ಸಣ್ಣ ಹೆಂಟೆ ಒಡೆದು ನುಣುಪು ಮಾಡುವುದಕ್ಕೆ ಪರವಾಗಿಲ್ಲ. ಪಂಚರ್ ಅಂಗಡಿಯಲ್ಲಿ ಬಿಟ್ಟಿ ಸಿಕ್ಕರೆ ತಂದಿಟ್ಟುಕೊಳ್ಳಿ. ಕೊರಡನ್ನು ಮಾತ್ರ ಈ ಸಲದ ಕೆಲಸ ಆಯ್ತು ಅಂತ ಮಾರಿಬಿಡಬೇಡಿ. ಬೊಡ್ಡೆ ಕಿತ್ತ ಗುಂಡಿಗಳು ಈ ಮಳೆಗಾಲದಲ್ಲಿ ಕುಸಿಯುತ್ತವೆ, ಮುಂದಿನ ಬೇಸಿಗೆಯಲ್ಲಿ ಅವನ್ನು ತುಂಬಿ ಇನ್ನೊಂದು ಸುತ್ತು ಎಳೆಯಬೇಕಾಗುತ್ತದೆ.