ಹಳೆಯ ಡೆಸ್ಕ್‌ಟಾಪ್‌ನ ನಾಲ್ಕು ಸ್ಲಾಟುಗಳು

ಶಿರಸಿಯಲ್ಲಿ ನನ್ನ ಭಾವನದು ಡಿಟಿಪಿ ಅಂಗಡಿ. ಮದುವೆ ಕಾಗದ, ಉಪನಯನದ ಕಾಗದ, ಸೊಸೈಟಿಗಳ ವಾರ್ಷಿಕ ವರದಿ ಎಲ್ಲ ತಯಾರಾಗುವುದು ಒಂದೇ ಹಳೆಯ ಕಂಪ್ಯೂಟರಿನಲ್ಲಿ. ಒಳಗಿರುವುದು ಇಂಟೆಲ್ 2007ರಲ್ಲಿ ಬಿಟ್ಟ ಕೋರ್ 2 ಕ್ವಾಡ್ ಕ್ಯೂ6600 ಪ್ರೊಸೆಸರ್, ಪಿ35 ಚಿಪ್‌ಸೆಟ್‌ನ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್‌ಗಳು) ಬೋರ್ಡ್, 1 ಜಿಬಿಯ ಎರಡು ಡಿಡಿಆರ್2 ರ್‍ಯಾಮ್. ಕಂಪನಿಯ ಲೆಕ್ಕದಲ್ಲಿ ಅದರ ವೇಗ 2.4 ಗಿಗಾಹರ್ಟ್ಸ್. ನಾನು ಬಯೋಸ್‌ಗೆ, ಅಂದರೆ ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ ಹೋಗಿ ಬಸ್ಸಿನ (ಪ್ರೊಸೆಸರಿಗೆ ಮಾಹಿತಿ ಒಯ್ಯುವ ದಾರಿಯ) ವೇಗವನ್ನು 266ರಿಂದ 400 ಮೆಗಾಹರ್ಟ್ಸ್‌ಗೆ ಏರಿಸಿ, ಅದನ್ನು ಗುಣಿಸಿ ಪ್ರೊಸೆಸರಿನ ವೇಗ ಕೊಡುವ ಗುಣಕವನ್ನು 9ರಿಂದ 8ಕ್ಕೆ ಇಳಿಸಿ, 3.2ಕ್ಕೆ ನಿಲ್ಲಿಸಿಕೊಟ್ಟಿದ್ದೆ. ಹೀಗೆ ಕಂಪನಿ ಹೇಳಿದ್ದಕ್ಕಿಂತ ವೇಗವಾಗಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ವರ್ಷಗಟ್ಟಲೆ ಒಂದು ದಿನವೂ ತೊಂದರೆ ಕೊಡಲಿಲ್ಲ.

ಒಂದು ಆರಿದ್ರಾ ಮಳೆಯ ಹೊತ್ತಿಗೆ ಭಾವ ಅದೇ ಕಂಪನಿಯ, ಅದೇ ವೇಗದ ಇನ್ನೆರಡು ರ್‍ಯಾಮ್ ತಂದ. ಖಾಲಿ ಇದ್ದ ಎರಡೂ ಸ್ಲಾಟಿಗೆ ನಾನೇ ಹಾಕಿಕೊಟ್ಟೆ. ಮೂರನೇ ದಿನ ಫೋನು ಬಂತು: "ಭಾವ, ಇದಕ್ಕೆ ಎಂತ ಆತು? ಪ್ರೊಸೆಸರ್ ಹೋತಾ?" ದೊಡ್ಡ ಫೈಲು ತೆರೆದರೆ ಹ್ಯಾಂಗ್, ಪ್ರಿಂಟಿಗೆ ಕೊಟ್ಟರೆ ನೀಲಿ ಪರದೆ. ನಾನೂ ಪ್ರೊಸೆಸರನ್ನೇ ಅನುಮಾನಿಸಿದೆ. ಅದರ ಶಾಖ ಸಾಗಿಸುವ ಪೇಸ್ಟ್ ಬದಲಿಸಿದೆ, ಫ್ಯಾನ್ ಬದಲಿಸಿದೆ, ಎರಡು ದಿನ ಕಳೆದೆ. ಕೊನೆಗೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಎಂಬ ಪ್ರೋಗ್ರಾಮನ್ನು ರಾತ್ರಿಯಿಡೀ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ಪರದೆಯ ತುಂಬ ಕೆಂಪು ಸಾಲು. ಹೊಸ ಜೋಡಿ ತೆಗೆದರೆ ಒಂದೂ ತಪ್ಪಿಲ್ಲ. ಹೊಸ ಜೋಡಿಯನ್ನೇ ಹಾಕಿ ಹಳೆಯದನ್ನು ತೆಗೆದರೂ ತಪ್ಪಿಲ್ಲ. ನಾಲ್ಕನ್ನೂ ಹಾಕಿ ಬಸ್ಸನ್ನು 266ಕ್ಕೆ ಇಳಿಸಿದರೆ ಆಗಲೂ ತಪ್ಪಿಲ್ಲ. ನಾಲ್ಕು ರ್‍ಯಾಮ್ ಮತ್ತು 400, ಎರಡೂ ಸೇರಿದಾಗ ಮಾತ್ರ ಕೆಂಪು. ಯಾವ ಭಾಗವೂ ಕೆಟ್ಟಿರಲಿಲ್ಲ.

ಹಳೆಯ ಡೆಸ್ಕ್‌ಟಾಪ್‌ಗಳ ಓವರ್‌ಕ್ಲಾಕಿಂಗ್ ಬಗ್ಗೆ ನಮ್ಮ ಕಡೆ ಓಡಾಡುವ ಎರಡು ಸಲಹೆಗಳಿವೆ. ಡ್ಯುಯಲ್ ಚಾನೆಲ್ ಇದ್ದರೆ ಎಲ್ಲ ಎರಡು ಪಟ್ಟು ವೇಗ ಎನ್ನುವುದು ಒಂದು, ಎಲ್ಲ ಸ್ಲಾಟ್ ತುಂಬಿಸಿದಷ್ಟೂ ಒಳ್ಳೆಯದು ಎನ್ನುವುದು ಇನ್ನೊಂದು. ಇವು ಎಷ್ಟರ ಮಟ್ಟಿಗೆ ನಿಜ ಎನ್ನುವುದು ಬೋರ್ಡ್ ಯಾವ ವರ್ಷದ್ದು ಎನ್ನುವುದರ ಮೇಲಿದೆ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚಾನೆಲ್ ಎಂದರೆ ರ್‍ಯಾಮ್ ಮತ್ತು ಅದನ್ನು ಆಳುವ ಕಂಟ್ರೋಲರ್ ನಡುವಿನ ದಾರಿ. ಈ ಹಳೆಯ ಡಿಡಿಆರ್ ಮಷಿನ್‌ಗಳಲ್ಲಿ ಅದರ ಅಗಲ 64 ಬಿಟ್. ಡಿಡಿಆರ್400 ರ್‍ಯಾಮ್‌ನಲ್ಲಿ ಒಂದು ದಾರಿಯಲ್ಲಿ ಸೆಕೆಂಡಿಗೆ 3.2 ಗಿಗಾಬೈಟ್ ಹರಿಯಬಹುದು, ಎರಡರಲ್ಲಿ 6.4. ಆದರೆ 2008ರವರೆಗೆ ಇಂಟೆಲ್ ಡೆಸ್ಕ್‌ಟಾಪ್‌ಗಳಲ್ಲಿ ಈ ಕಂಟ್ರೋಲರ್ ಪ್ರೊಸೆಸರಿನೊಳಗೆ ಇರಲಿಲ್ಲ. ಬೋರ್ಡ್ ಮೇಲಿನ ನಾರ್ತ್‌ಬ್ರಿಜ್ ಎಂಬ ಚಿಪ್‌ನಲ್ಲಿತ್ತು. ಅಲ್ಲಿಂದ ಪ್ರೊಸೆಸರಿಗೆ ಇದ್ದದ್ದು ಒಂದೇ ಸೇತುವೆ, ಫ್ರಂಟ್ ಸೈಡ್ ಬಸ್. ನಾನು ವೇಗ ಏರಿಸಿದ ಬಸ್ ಇದೇ. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ, ಹೆದ್ದಾರಿ ಎಷ್ಟೇ ಅಗಲವಿದ್ದರೂ ಹೋಗುವ ಬರುವ ವಾಹನಗಳೆಲ್ಲ ಉಳಿದ ಒಂದೇ ಸೇತುವೆಯಲ್ಲಿ ದಾಟಬೇಕಾಗಿ ಬಂದಿದ್ದನ್ನು ಅವರು ಕಂಡಿದ್ದಾರೆ.

ಜೋಡಿ ಚಾನೆಲ್ ಮೊದಲು ಬಂದಾಗ ಸೇತುವೆಗೆ ತಕ್ಕ ದಾರಿ ಇದ್ದದ್ದು ಎಲ್ಲ ಕಡೆ ಅಲ್ಲ. 2000ದ ಪೆಂಟಿಯಮ್ 4ಗೆ ಬಂದ ಇಂಟೆಲ್ 850 ಚಿಪ್‌ಸೆಟ್‌ನಲ್ಲಿ ರ್‍ಯಾಂಬಸ್ ರ್‍ಯಾಮ್ ಜೋಡಿಯಾಗಿಯೇ ಹಾಕಬೇಕಿತ್ತು. ಖಾಲಿ ಸ್ಲಾಟಿಗೂ ಚಿಪ್ ಇಲ್ಲದ ಒಂದು ಪಟ್ಟಿ ಸಿಕ್ಕಿಸಬೇಕಿತ್ತು, ಇಲ್ಲದಿದ್ದರೆ ಮಷಿನ್ ಏಳುತ್ತಲೇ ಇರಲಿಲ್ಲ. ಆ ರ್‍ಯಾಮ್ ದುಬಾರಿಯಾಗಿ ಹೆಚ್ಚು ಕಾಲ ಬಾಳಲಿಲ್ಲ. ನಂತರ ಎನ್ವಿಡಿಯಾದ ಎನ್‌ಫೋರ್ಸ್, ಎನ್‌ಫೋರ್ಸ್2 ಚಿಪ್‌ಸೆಟ್‌ಗಳು ಎಎಮ್‌ಡಿಯ ಅಥ್ಲಾನ್ ಎಕ್ಸ್‌ಪಿಗೆ ಜೋಡಿ ಚಾನೆಲ್ ಕೊಟ್ಟವು. ಅಥ್ಲಾನ್ ಎಕ್ಸ್‌ಪಿಯ ಸೇತುವೆ 400ರಲ್ಲಿ (200ರ ಬಡಿತ, ಬಡಿತಕ್ಕೆ ಎರಡು ಸಲ) ಓಡಿದರೂ ಸಾಗಿಸುತ್ತಿದ್ದದ್ದು 3.2 ಗಿಗಾಬೈಟ್ ಮಾತ್ರ. ಅಷ್ಟನ್ನು ಒಂದೇ ಚಾನೆಲ್ ತುಂಬಿಸುತ್ತಿತ್ತು. ಎರಡನೆಯದರ ಲಾಭ ಸಿಕ್ಕಿದ್ದು ಮುಖ್ಯವಾಗಿ ಬೋರ್ಡಿನಲ್ಲೇ ಇದ್ದ ಗ್ರಾಫಿಕ್ಸ್‌ಗೆ. ಆ ಕಾಲದಲ್ಲಿ ಬಾರ್ಟನ್ 2500+ ಎಂಬ ಅಥ್ಲಾನ್ ಎಕ್ಸ್‌ಪಿ ಕೊಂಡು ಬಸ್ಸನ್ನು 166ರಿಂದ 200ಕ್ಕೆ ಏರಿಸಿ, ಮೇಲಿನ ದರ್ಜೆಯ 3200+ ಮಾಡಿಕೊಂಡವರು ಎಷ್ಟೋ ಮಂದಿ. ಅವರಿಗೆ ಬೇಕಿದ್ದದ್ದು ಬಸ್ಸಿನ ವೇಗ. ಎರಡನೇ ಚಾನೆಲ್ ಇಲ್ಲದೆಯೂ ಅವರ ಕೆಲಸ ನಡೆಯುತ್ತಿತ್ತು.

ಸಾಮಾನ್ಯ ಡೆಸ್ಕ್‌ಟಾಪ್‌ಗಳಲ್ಲಿ ಡಿಡಿಆರ್ ಮತ್ತು ಬಸ್ಸಿನ ಲೆಕ್ಕ ಚೆನ್ನಾಗಿ ತಾಳೆಯಾದದ್ದು 2003ರಲ್ಲಿ. ಇಂಟೆಲ್‌ನ 865, 875 ಚಿಪ್‌ಸೆಟ್‌ಗಳು 800 ಮೆಗಾಹರ್ಟ್ಸ್ (200ರ ಬಡಿತ, ಬಡಿತಕ್ಕೆ ನಾಲ್ಕು ಸಲ) ಬಸ್ ತಂದವು. ಆ ಬಸ್ ಸಾಗಿಸುವುದು 6.4 ಗಿಗಾಬೈಟ್, ಜೋಡಿ ಡಿಡಿಆರ್400 ಕೊಡುವುದೂ 6.4. ಇದು ಕಾಕತಾಳೀಯವಲ್ಲ. ಇಂಟೆಲ್ ಬಸ್ ಒಂದು ಬಡಿತಕ್ಕೆ ನಾಲ್ಕು ಸಲ 8 ಬೈಟ್ ಒಯ್ಯುತ್ತದೆ, ಜೋಡಿ ಚಾನೆಲ್ ಎರಡು ಸಲ 16 ಬೈಟ್ ಒಯ್ಯುತ್ತದೆ. ರ್‍ಯಾಮ್ ಮತ್ತು ಬಸ್ಸನ್ನು ಒಂದಕ್ಕೊಂದು ಸಮಕ್ಕೆ ಇಟ್ಟರೆ, ಬಸ್ಸನ್ನು ಎಷ್ಟಕ್ಕೆ ಏರಿಸಿದರೂ ಎರಡೂ ಸರಿಸಮ. ಭಾವನ ಮಷಿನ್ನಿನಲ್ಲಿ 400ಕ್ಕೆ ಏರಿಸಿದಾಗಲೂ ಹಾಗೆಯೇ, ಎರಡೂ ಕಡೆ 12.8 ಗಿಗಾಬೈಟ್. ಅದೇ ಬೋರ್ಡಿನಲ್ಲಿ ಒಂದೇ ರ್‍ಯಾಮ್ ಇದ್ದಿದ್ದರೆ ಸೇತುವೆಯ ಅರ್ಧ ಖಾಲಿ. ಪೆಂಟಿಯಮ್ 4, ಕೋರ್ 2 ಇಟ್ಟುಕೊಂಡವರು ಜೋಡಿಯಾಗಿಯೇ ರ್‍ಯಾಮ್ ಹಾಕಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಆದರೆ ಸೇತುವೆ ತುಂಬಿದ ಮೇಲೆ ರ್‍ಯಾಮ್ ಇನ್ನೂ ವೇಗವಾದರೂ ಪ್ರೊಸೆಸರಿಗೆ ಸಿಗುವುದು ಅತ್ಯಲ್ಪ.

ಹಾಗಾದರೆ ನಾಲ್ಕು ರ್‍ಯಾಮ್ ಯಾಕೆ ಕೈಕೊಟ್ಟಿತು? ನಾಲ್ಕು ಸ್ಲಾಟ್ ಎಂದರೆ ನಾಲ್ಕು ಚಾನೆಲ್ ಅಲ್ಲ. ಚಾನೆಲ್ ಎರಡೇ, ಒಂದೊಂದರ ತಂತಿಗೆ ಎರಡೆರಡು ಸ್ಲಾಟ್. ಎರಡು ರ್‍ಯಾಮ್ ಒಂದೇ ತಂತಿಯಲ್ಲಿ ಕೂತಾಗ ಕಂಟ್ರೋಲರ್ ಹೊರಬೇಕಾದ ಭಾರ ಹೆಚ್ಚುತ್ತದೆ, ಒಂದರಿಂದ ಮರಳುವ ಅಲೆ ಇನ್ನೊಂದರ ಸಂಕೇತವನ್ನು ಕಲಕುತ್ತದೆ. ತೋಟದಲ್ಲಿ ಒಂದು ಪಂಪಿನ ಪೈಪಿಗೆ ಎರಡು ಕಡೆ ಸ್ಪ್ರಿಂಕ್ಲರ್ ಸಿಕ್ಕಿಸಿದರೆ ನೀರು ಚಿಮ್ಮುವ ದೂರ ಕಡಿಮೆಯಾಗುವುದನ್ನು ಕಂಡವರಿಗೆ ಇದು ಗೊತ್ತಾಗುತ್ತದೆ. ಕಂಪನಿ ಹೇಳಿದ ವೇಗದಲ್ಲಿ ಈ ಭಾರ ತಡೆಯುತ್ತದೆ. ಪಿ35ರ ಬಸ್ಸಿಗೆ ಇಂಟೆಲ್ ಹೇಳಿದ ಮಿತಿ 333, ನಾನು ನಡೆಸುತ್ತಿದ್ದದ್ದು 400ರಲ್ಲಿ. ಮಿತಿ ದಾಟಿ ದುಡಿಯುತ್ತಿದ್ದ ನಾರ್ತ್‌ಬ್ರಿಜ್ ಮೇಲೆ ನಾನು ಇನ್ನೆರಡು ರ್‍ಯಾಮ್ ಹೇರಿದ್ದೆ. ಆ ಚಿಪ್‌ಗೆ ಎಷ್ಟೋ ಬೋರ್ಡುಗಳಲ್ಲಿ ಫ್ಯಾನೂ ಇರುವುದಿಲ್ಲ, ಒಂದು ಸಣ್ಣ ಅಲ್ಯೂಮಿನಿಯಂ ತುಂಡು ಅಷ್ಟೇ. ಪ್ರೊಸೆಸರಿಗೆ ಎತ್ತರದ ದೊಡ್ಡ ಕೂಲರ್ ಹಾಕಿದರೆ ಮೊದಲು ಕೆಳಗೆ ಬೀಸುತ್ತಿದ್ದ ಗಾಳಿಯೂ ತಪ್ಪುತ್ತದೆ. ಡಿಸೆಂಬರ್‌ನ ಶಿರಸಿಯಲ್ಲಿ ಗಟ್ಟಿ ನಿಂತ ಓವರ್‌ಕ್ಲಾಕ್ ಮೇ ತಿಂಗಳ ಕಾರವಾರದಲ್ಲಿ ಬಿದ್ದರೆ ಮೊದಲು ಬೆರಳಿಟ್ಟು ನೋಡಬೇಕಾದದ್ದು ಆ ತುಂಡನ್ನು.

ಎಎಮ್‌ಡಿ ಈ ಸೇತುವೆಯನ್ನು ಮೊದಲೇ ಬಿಟ್ಟುಕೊಟ್ಟಿತು. 2003ರ ಅಥ್ಲಾನ್ 64ರಲ್ಲಿ ಕಂಟ್ರೋಲರ್ ಪ್ರೊಸೆಸರಿನೊಳಗೇ ಬಂತು. 754 ಸಾಕೆಟ್‌ಗೆ ಒಂದು ಚಾನೆಲ್, 2004ರ 939 ಸಾಕೆಟ್‌ಗೆ ಎರಡು. ಭಾರ ಹೊರುವುದು ಆಗ ಬೋರ್ಡ್ ಅಲ್ಲ, ಪ್ರೊಸೆಸರೇ. ಮೊದಮೊದಲ 939 ಪ್ರೊಸೆಸರ್‌ಗಳಲ್ಲಿ ಎರಡೂ ಬದಿ ಚಿಪ್ ಇರುವ ನಾಲ್ಕು ರ್‍ಯಾಮ್ ಹಾಕಿದರೆ ವೇಗ ತಾನಾಗಿ 333ಕ್ಕೆ ಇಳಿಯುತ್ತಿತ್ತು. ನಂತರದವು 400 ಕೊಟ್ಟರೂ ಕಮಾಂಡ್ ರೇಟ್ (ಒಂದು ಆದೇಶಕ್ಕೆ ತಗಲುವ ಬಡಿತಗಳ ಲೆಕ್ಕ) 1ಟಿ ಬಿಟ್ಟು ನಿಧಾನದ 2ಟಿಗೆ ಹೋಗಬೇಕಾಗುತ್ತಿತ್ತು.

ಇಂಟೆಲ್ 2008ರ ನವೆಂಬರ್‌ನಲ್ಲಿ ಕೋರ್ ಐ7 920ರೊಂದಿಗೆ ಅದೇ ದಾರಿ ಹಿಡಿಯಿತು, ಅದೂ ಮೂರು ಚಾನೆಲ್‌ನೊಂದಿಗೆ. ಮೂಲ ಬಡಿತವನ್ನು 133ರಿಂದ 200ಕ್ಕೆ ಏರಿಸಿ, 20ರ ಗುಣಕದಲ್ಲಿ 4 ಗಿಗಾಹರ್ಟ್ಸ್ ಮುಟ್ಟಿಸುವುದು ಆ ಕಾಲದ ಹುಚ್ಚು. ಆದರೆ ಬಡಿತ ಏರಿದರೆ ರ್‍ಯಾಮ್ ಏರುತ್ತದೆ, ರ್‍ಯಾಮ್ ಏರಿದರೆ ಅದರ ಎರಡು ಪಟ್ಟು ವೇಗದಲ್ಲಾದರೂ ಅನ್‌ಕೋರ್ (ಪ್ರೊಸೆಸರಿನೊಳಗೆ ಕಂಟ್ರೋಲರ್ ಇರುವ ಭಾಗ) ಓಡಬೇಕು. ರ್‍ಯಾಮ್‌ಗೆ 1.65 ವೋಲ್ಟ್ ದಾಟಿಸಬೇಡಿ ಎಂದು ಇಂಟೆಲ್ ಎಚ್ಚರಿಸಿತ್ತು, ಯಾಕೆಂದರೆ ಆ ವೋಲ್ಟ್ ಈಗ ನೇರ ಪ್ರೊಸೆಸರಿಗೇ ತಾಗುತ್ತಿತ್ತು. ಇಲ್ಲಿಯೂ ಆರು ಸ್ಲಾಟ್ ತುಂಬಿಸಿದವರಿಗಿಂತ ಮೂರಕ್ಕೇ ನಿಲ್ಲಿಸಿದವರಿಗೆ ಕೆಲಸ ಸಲೀಸು. 2011ರ ಸ್ಯಾಂಡಿ ಬ್ರಿಜ್‌ನಲ್ಲಿ ಮೂಲ ಬಡಿತ 100ರ ಆಚೀಚೆ ಕದಲದಂತಾಯಿತು. ಕೆ ಅಕ್ಷರವಿರುವ ಪ್ರೊಸೆಸರ್‌ಗಳಲ್ಲಿ ಗುಣಕ ಏರಿಸಿದರೆ ರ್‍ಯಾಮ್ ತನ್ನ ಪಾಡಿಗೆ ಇರುತ್ತದೆ. ಬಸ್ಸನ್ನೂ ರ್‍ಯಾಮನ್ನೂ ಒಟ್ಟಿಗೆ ಎಳೆಯುವ ಕಾಲ ಅಲ್ಲಿಗೆ ಮುಗಿಯಿತು.

ಭಾವನಿಗೆ ಎರಡು ದಾರಿ ಹೇಳಿದೆ. ನಾಲ್ಕು ರ್‍ಯಾಮ್ ಹಾಗೇ ಇಟ್ಟು ಬಸ್ಸನ್ನು 333ಕ್ಕೆ ಇಳಿಸಿ ಗುಣಕವನ್ನು ಮತ್ತೆ 9 ಮಾಡಿದರೆ 3 ಗಿಗಾಹರ್ಟ್ಸ್, ಇಲ್ಲವೇ 2 ಜಿಬಿಯ ಎರಡನ್ನು ಹಾಕಿ 400ರಲ್ಲೇ ಉಳಿಯುವುದು. ಅವನು ಎರಡನೆಯದನ್ನು ಆರಿಸಿದ. ಮೆಮ್‌ಟೆಸ್ಟ್ ಒಂದು ರಾತ್ರಿ, ಒಂದು ಹಗಲು ಓಡಿತು. ಕೆಂಪು ಬರಲಿಲ್ಲ.

ಉಳಿದ 1 ಜಿಬಿಯ ರ್‍ಯಾಮ್‌ಗಳಲ್ಲಿ ಒಂದು ಜೋಡಿ ಕಾರವಾರದ ಗೆಳೆಯನ ಮಷಿನ್‌ಗೆ ಹೋಯಿತು. ಜಿ31 ಬೋರ್ಡ್, ಎರಡೇ ಸ್ಲಾಟ್, ಒಂದರಲ್ಲಿ ಮಾತ್ರ ರ್‍ಯಾಮ್. ಗ್ರಾಫಿಕ್ಸ್ ಕೂಡ ಅದೇ ರ್‍ಯಾಮ್‌ನಲ್ಲಿ ಪಾಲು ಕೇಳುವಂಥದ್ದು, ಹಾಗಾಗಿ ಎರಡನೇ ಚಾನೆಲ್ ಅಲ್ಲಿ ಕಣ್ಣಿಗೆ ಕಾಣುವಷ್ಟು ಕೆಲಸ ಮಾಡುತ್ತದೆ, ಓವರ್‌ಕ್ಲಾಕ್ ಮಾಡದೆಯೂ. ಜೋಡಿ ಹಾಕಿ ಚಾಲು ಮಾಡಿದರೆ ಒಳಗಿನ ಭಾಗಗಳ ವಿವರ ತೋರಿಸುವ ಸಿಪಿಯು-ಝೆಡ್ ಎಂಬ ಪ್ರೋಗ್ರಾಮಿನಲ್ಲಿ ಬಂದದ್ದು ಸಿಂಗಲ್, 1 ಜಿಬಿ. ಇಷ್ಟು ವರ್ಷ ಖಾಲಿ ಇದ್ದ ಸ್ಲಾಟಿನ ಪಿನ್ನುಗಳು ಕಡಲ ಗಾಳಿಗೆ ಮಂಕಾಗಿದ್ದವು. ಸ್ವಿಚ್ ತೆಗೆದು, ಸ್ಪಿರಿಟ್ ಹಚ್ಚಿದ ಬ್ರಷ್‌ನಿಂದ ಸ್ಲಾಟ್ ಒರೆಸಿ, ರ್‍ಯಾಮ್‌ನ ಚಿನ್ನದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಎರಡೂ ತುದಿಯ ಹಿಡಿಕೆ ಟಕ್ ಎನ್ನುವವರೆಗೆ ಒತ್ತಿದೆ. ಈ ಸಲ ಡ್ಯುಯಲ್ ಎಂದು ತೋರಿಸಿತು.